ದೊಡ್ಡ ನೀರು ನೋಟಕ್ಕೆ, ಚಿಕ್ಕ ನೀರು ಸ್ನಾನಕ್ಕೆ

ಮಿಷಿಗನ್ನಿನ ಸರೋವರತೀರಗಳಲ್ಲಿ ಸಂಸಾರಸಮೇತ ಬಿಡಾರ ಹೂಡುವವರ ವಿವೇಚನೆಗಾಗಿ

ಮೇ ತಿಂಗಳ ಕಡೆಯ ಸೋಮವಾರ ಬರುವ ಮೆಮೋರಿಯಲ್ ಡೇ ರಜೆಯಿಂದ ಮೊದಲುಗೊಂಡು ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ಪರ್ಯಂತ, ಅಮೆರಿಕದ ಮಿಷಿಗನ್ ರಾಜ್ಯದ ಹೆದ್ದಾರಿಗಳಲ್ಲಿ ಶುಕ್ರವಾರದ ಅಪರಾಹ್ಣ ಉತ್ತರಾಭಿಮುಖವಾಗಿ ಸಾಗುವ ವಾಹನಗಳ ಸಾಲನ್ನು ಕಂಡವರಿಗೆ, ಆ ರಾಜ್ಯದ ಜನ ವಾರದಲ್ಲಿ ಐದು ದಿನ ದುಡಿಯುವುದು ಉಳಿದ ಎರಡು ದಿನ ಮನೆಯ ಹೊರಗೆ ಮಲಗುವ ಹಕ್ಕನ್ನು ಸಂಪಾದಿಸುವುದಕ್ಕಾಗಿಯೇ ಇರಬೇಕೆಂದು ತೋರಿದರೆ ಆಶ್ಚರ್ಯವಿಲ್ಲ. ನೆತ್ತಿಯ ಮೇಲೆ ದೋಣಿಯನ್ನು ಕವುಚಿ ಕಟ್ಟಿಕೊಂಡ ಕಾರುಗಳು, ಬೆನ್ನಿಗೆ ಸೈಕಲ್ಲುಗಳನ್ನು ತಗುಲಿಸಿಕೊಂಡ ವ್ಯಾನುಗಳು, ಅಡುಗೆಮನೆ ಬಚ್ಚಲುಮನೆ ಸಮೇತ ಇಡೀ ವಾಸಗೃಹವನ್ನೇ ಚಕ್ರದ ಮೇಲೆ ನಿಲ್ಲಿಸಿದಂತಿರುವ ಆರ್‌ವಿಗಳು, ಇವೆಲ್ಲವೂ ಯಾವುದೋ ಒಂದು ನೀರಿನ ದಡವನ್ನು ಅರಸಿ ಹೊರಟಿರುತ್ತವೆ. ಡೆಟ್ರಾಯಿಟ್ ನಗರದ ಸುತ್ತಮುತ್ತ ಮೋಟಾರು ಉದ್ಯಮವನ್ನೋ ಆಸ್ಪತ್ರೆ ವಿಶ್ವವಿದ್ಯಾಲಯಗಳನ್ನೋ ಆಶ್ರಯಿಸಿ ನೆಲೆನಿಂತಿರುವ ಕನ್ನಡ ಕುಟುಂಬಗಳೂ ಈಗ ಈ ಸಾಲಿನಲ್ಲಿ ಸೇರಿವೆ. ಬೇಸಗೆಗೆಂದು ಊರಿನಿಂದ ಬಂದಿಳಿದ ಅಜ್ಜ ಅಜ್ಜಿಯರನ್ನೂ ಶಾಲೆಗೆ ಬಿಡುವಾದ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು, ಚಿತ್ರಾನ್ನದ ಡಬ್ಬಿಯನ್ನು ಕಾಲಬುಡದಲ್ಲಿ ಇಟ್ಟುಕೊಂಡು ಹೊರಡುವ ಆ ಸಂಸಾರಗಳಿಗೆ, ಎಲ್ಲಿ ಬಿಡಾರ ಹೂಡಬೇಕೆಂಬ ಪ್ರಶ್ನೆ ಮಿಕ್ಕವರಿಗಿಂತ ತುಸು ಹೆಚ್ಚು ಜಟಿಲವಾಗಿಯೇ ಇರುತ್ತದೆ.

ಜಟಿಲವಾಗುವುದಕ್ಕೆ ಕಾರಣ ನೀರಿನ ಅಭಾವವಲ್ಲ, ಅದರ ಸಮೃದ್ಧಿ. ಉತ್ತರ ಅಮೆರಿಕದ ಐದು ಮಹಾಸರೋವರಗಳ ಪೈಕಿ ನಾಲ್ಕು ಮಿಷಿಗನ್ ರಾಜ್ಯದ ಅಂಚನ್ನು ತೊಳೆಯುತ್ತವೆ. ಒಳನಾಡಿನಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕ ಚಿಕ್ಕ ಸರೋವರಗಳುಂಟು. ಇಷ್ಟರಲ್ಲಿ ಒಂದನ್ನು ಆರಿಸುವಾಗ ಸಾಮಾನ್ಯವಾಗಿ ನಮ್ಮ ಬುದ್ಧಿಯನ್ನು ಆಳುವುದು ಛಾಯಾಚಿತ್ರಗಳು: ಡೇರೆಯ ಬಾಗಿಲಲ್ಲೇ ಅಲೆ, ಅಲೆಯ ಮೇಲೆ ಅಸ್ತಮಾನ. ಆದರೆ ಚಿತ್ರದಲ್ಲಿ ಗಾಳಿ ಬೀಸುವುದಿಲ್ಲ, ನೀರಿನ ತಂಪು ಕಾಲಿಗೆ ತಟ್ಟುವುದಿಲ್ಲ, ನಡುರಾತ್ರಿ ಶೌಚಗೃಹಕ್ಕೆ ನಡೆಯಬೇಕಾದ ದೂರ ಕಾಣಿಸುವುದಿಲ್ಲ. ಸಂಸಾರಸ್ಥರು ಸರೋವರವನ್ನು ಅಳೆಯಬೇಕಾದದ್ದು ಮನೆಯ ಅತ್ಯಂತ ಕಿರಿಯ ಮಗುವಿನ ಮೊಣಕಾಲಿನಿಂದ ಮತ್ತು ಅತ್ಯಂತ ಹಿರಿಯರ ಮೊಣಕಾಲಿನಿಂದ. ಈ ಎರಡು ಅಳತೆಗೋಲುಗಳಿಗೆ ಒಗ್ಗಿದ ಸ್ಥಳ ಉಳಿದವರಿಗೆಲ್ಲ ತಾನಾಗಿಯೇ ಒಗ್ಗುತ್ತದೆ ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಬಿಡಾರದ ಪೂರ್ವವೃತ್ತಾಂತ

ಸರೋವರದ ದಡದಲ್ಲಿ ಡೇರೆ ಹೊಡೆದು ಸುಖಪಡುವ ಅಭಿರುಚಿ ಆ ದೇಶದಲ್ಲಿ ಬಹು ಪುರಾತನವಾದದ್ದೇನೂ ಅಲ್ಲ. ಮೂಲನಿವಾಸಿಗಳಾದ ಆನಿಶಿನಾಬೆ ಜನರಿಗೆ ದಡದ ವಾಸವು ಜೀವನಕ್ರಮವಾಗಿತ್ತು. ಅನಂತರ ಬಂದು ನೆಲೆಸಿದ ಬಿಳಿಯರಿಗೆ ಕಾಡೆಂಬುದು ಕಡಿದು ಹಸನುಮಾಡಬೇಕಾದ ವಸ್ತುವಾಗಿತ್ತು. 1869ರಲ್ಲಿ ಬಾಸ್ಟನ್ ನಗರದ ಪಾದ್ರಿಯಾದ ವಿಲಿಯಂ ಮರ್ರೆ ಎಂಬಾತ, ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಪರ್ವತಗಳ ನಡುವಣ ಸರೋವರಗಳಲ್ಲಿ ತಾನು ನಡೆಸಿದ ವಿಹಾರಗಳನ್ನು ರಸವತ್ತಾಗಿ ವರ್ಣಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದನ್ನೋದಿದ ಪಟ್ಟಣಿಗರು ಆ ಬೇಸಗೆಯಲ್ಲೇ ಹಿಂಡುಹಿಂಡಾಗಿ ಪರ್ವತವನ್ನೇರಿದರು. ಅಲ್ಲಿ ಅವರನ್ನು ಎದುರ್ಗೊಂಡದ್ದು ಮಳೆ, ಕಚ್ಚುವ ನೊಣ, ಮತ್ತು ಸ್ಥಳಾಭಾವ. ‘ಮರ್ರೆಯ ಮರುಳರು’ ಎಂಬ ಅಪಹಾಸ್ಯದ ಹೆಸರು ಅವರಿಗೆ ಅಂಟಿಕೊಂಡಿತು. ವರ್ಣನೆಯನ್ನು ನಂಬಿ ಹೊರಟು ನೆಲವನ್ನು ವಿಚಾರಿಸದೆ ಇದ್ದವರ ಈ ಪ್ರಥಮ ಪರಂಪರೆ ಇಂದಿಗೂ ನಿಂತಿಲ್ಲ.

ಮೋಟಾರು ಬಂದ ಮೇಲೆ ಈ ಅಭಿರುಚಿ ಸಾರ್ವತ್ರಿಕವಾಯಿತು. ಡೆಟ್ರಾಯಿಟ್ಟಿನ ಹೆನ್ರಿ ಫೋರ್ಡ್, ವಿದ್ಯುದ್ದೀಪದ ಎಡಿಸನ್, ಟಯರಿನ ಫೈರ್‌ಸ್ಟೋನ್, ಪ್ರಕೃತಿಲೇಖಕ ಜಾನ್ ಬರೋಸ್, ಈ ನಾಲ್ವರು ತಮ್ಮನ್ನು ‘ಅಲೆಮಾರಿಗಳು’ ಎಂದು ಕರೆದುಕೊಂಡು 1910ರ ದಶಕದ ನಡುಭಾಗದಿಂದ ಬೇಸಗೆಯ ಬಿಡಾರಯಾತ್ರೆಗಳನ್ನು ಕೈಗೊಂಡರು. ಅಲೆಮಾರಿಗಳೆಂಬ ಹೆಸರಿಗೆ ಅವರ ಪರಿವಾರ ಒಪ್ಪುತ್ತಿರಲಿಲ್ಲವೆನ್ನಿ: ಒಲೆಯನ್ನೂ ಮಂಜುಗಡ್ಡೆಯ ಪೆಟ್ಟಿಗೆಯನ್ನೂ ಹೊತ್ತ ಅಡುಗೆಯ ಲಾರಿ ಹಿಂದೆ ಬರುತ್ತಿತ್ತು, ಎಡಿಸನ್ನನ ಬ್ಯಾಟರಿಗಳಿಂದ ಡೇರೆಗಳಲ್ಲಿ ದೀಪ ಉರಿಯುತ್ತಿತ್ತು, 1921ರಲ್ಲಂತೂ ಅಧ್ಯಕ್ಷ ಹಾರ್ಡಿಂಗ್ ಅವರೇ ಆ ಬಿಡಾರಕ್ಕೆ ಅತಿಥಿಯಾಗಿ ಹೋಗಿದ್ದರು. ಇಂದಿನ ಆರ್‌ವಿಯ ಬೀಜ ಆ ಅಡುಗೆಯ ಲಾರಿಯಲ್ಲಿ ಇತ್ತೆಂದರೆ ಸಲ್ಲದ ಮಾತಾಗದು.

ಆದರೆ ಇಂದಿನ ಬಿಡಾರಭೂಮಿಗೆ ಅದರ ಆಕಾರವನ್ನು ಕೊಟ್ಟವನು ಈ ಪ್ರಸಿದ್ಧರಲ್ಲಿ ಯಾರೂ ಅಲ್ಲ. ಅಮೆರಿಕದ ಕೃಷಿ ಇಲಾಖೆಯ ಸಸ್ಯರೋಗತಜ್ಞನಾಗಿದ್ದ ಇ. ಪಿ. ಮೈನೆಕೆ ಎಂಬವನು. ಕ್ಯಾಲಿಫೋರ್ನಿಯದ ಮಹಾವೃಕ್ಷಗಳಾದ ರೆಡ್‌ವುಡ್‌ಗಳು ಸೊರಗುತ್ತಿರುವುದೇಕೆಂದು 1920ರ ದಶಕದಲ್ಲಿ ಪರೀಕ್ಷಿಸಿದ ಆತನಿಗೆ ಕಂಡುಬಂದದ್ದು, ಪ್ರವಾಸಿಗರು ಮನಬಂದಲ್ಲಿ ಕಾರನ್ನು ನುಗ್ಗಿಸಿ ನಿಲ್ಲಿಸುವುದರಿಂದ ಮಣ್ಣು ಗಡುಸಾಗಿ ಬೇರುಗಳು ಉಸಿರುಗಟ್ಟುತ್ತವೆ ಎಂಬ ಸಂಗತಿ. 1932ರಲ್ಲಿ ಅವನು ಸೂಚಿಸಿದ ಪರಿಹಾರ ಸರಳವಾದದ್ದು: ಒಂದೇ ದಿಕ್ಕಿಗೆ ಸುತ್ತಿಬರುವ ಕಿರುದಾರಿ, ಆ ದಾರಿಯಿಂದ ಓರೆಯಾಗಿ ಕವಲೊಡೆದ ವಾಹನ ನಿಲ್ಲಿಸುವ ಜಾಗ, ಪ್ರತಿಯೊಂದು ಜಾಗಕ್ಕೂ ಕದಲಿಸಲಾಗದ ಮೇಜು ಮತ್ತು ಬೆಂಕಿಯ ಗುಂಡಿ, ಜಾಗಜಾಗಗಳ ನಡುವೆ ಉಳಿಸಿಕೊಂಡ ಗಿಡಮರಗಳ ತೆರೆ. 1933ರಿಂದ 1942ರವರೆಗೆ ನಿರುದ್ಯೋಗಿ ತರುಣರಿಗೆ ಕೆಲಸ ಕೊಡಲೆಂದು ನಡೆದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸಂಸ್ಥೆ ಈ ವಿನ್ಯಾಸವನ್ನು ದೇಶದುದ್ದಗಲಕ್ಕೂ ಹರಡಿತು. ಇಂದು ಕಾಯ್ದಿರಿಸುವ ನಕಾಶೆಯಲ್ಲಿ ಉದ್ದುದ್ದನೆಯ ಕುಣಿಕೆಗಳಂತೆ ಕಾಣುವ ಸುತ್ತುದಾರಿಗಳೆಲ್ಲ ಆ ಸಸ್ಯವೈದ್ಯನ ಮದ್ದು. ಜಾಗವನ್ನು ಆರಿಸುವವನು ಈ ಕುಣಿಕೆಗಳನ್ನು ಓದಲು ಕಲಿಯಬೇಕು.

ಮಹಾಸರೋವರದ ಮನೋಧರ್ಮ

ನೆಲದ ಮಾತಿಗೆ ಮುನ್ನ ನೀರಿನ ಮಾತು. ಹಿಮಯುಗದ ಕೊನೆಯಲ್ಲಿ ನೀರ್ಗಲ್ಲಿನ ಪ್ರವಾಹಗಳು ನೆಲವನ್ನು ಉತ್ತು ಹಿಂದೆ ಸರಿದಾಗ ಉಳಿದ ಹಳ್ಳಗಳಲ್ಲಿ ತುಂಬಿಕೊಂಡ ಈ ಐದು ಸರೋವರಗಳಲ್ಲಿ ಭೂಮಿಯ ಮೇಲ್ಮೈಯ ಸಿಹಿನೀರಿನ ಸುಮಾರು ಐದನೆಯ ಒಂದು ಭಾಗ ಸಂಗ್ರಹವಾಗಿದೆ. ಸುಪೀರಿಯರ್ ಸರೋವರವೊಂದರ ವಿಸ್ತಾರವೇ ಸುಮಾರು 82,000 ಚದರ ಕಿಲೋಮೀಟರು. ಅಂದರೆ ಕರ್ನಾಟಕದ ವಿಸ್ತೀರ್ಣದಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಗಿಲು. ಅದರ ಪರಮಾವಧಿ ಆಳ 406 ಮೀಟರು. 1975ರ ನವೆಂಬರ್ 10ರ ಬಿರುಗಾಳಿಯಲ್ಲಿ ಎಡ್ಮಂಡ್ ಫಿಟ್ಜರಾಲ್ಡ್ ಎಂಬ ಬೃಹತ್ ಸರಕುನೌಕೆ ಇಪ್ಪತ್ತೊಂಬತ್ತು ಮಂದಿ ನಾವಿಕರೊಡನೆ ಮುಳುಗಿದ್ದು ಈ ನೀರಿನಲ್ಲಿಯೇ. ಉಪ್ಪಿಲ್ಲದ ಮಾತ್ರಕ್ಕೆ ಇದನ್ನು ಕೆರೆಯೆಂದು ತಿಳಿದು ನಡೆದುಕೊಳ್ಳುವುದು ಅವಿವೇಕ. ಸ್ವಭಾವದಲ್ಲಿ ಇದು ಸಮುದ್ರವೇ.

ಮಗುವಿನ ಮೊಣಕಾಲಿಗೆ ಮೊದಲು ತಗಲುವುದು ಶೈತ್ಯ. ಸುಪೀರಿಯರ್ ಸರೋವರದ ನೀರಿನ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ನಡುಬೇಸಗೆಯಲ್ಲಿಯೂ ಬಹುತೇಕ ದಡಗಳಲ್ಲಿ ಕಾಲಿಟ್ಟವನು ಹಿಂದಕ್ಕೆ ಹಾರುತ್ತಾನೆ. ಪೋರ್ಕುಪೈನ್ ಪರ್ವತಗಳ ಅಡಿಯಲ್ಲಿ, 1945ರಲ್ಲಿ ಹಳೆಯ ಕಾಡನ್ನು ಕೊಡಲಿಯಿಂದ ಉಳಿಸಲೆಂದು ಸ್ಥಾಪಿಸಿದ ಉದ್ಯಾನದಲ್ಲಿ, ಯೂನಿಯನ್ ಬೇ ಎಂಬ ಬಿಡಾರಭೂಮಿ ಸುಪೀರಿಯರ್ ದಡದಲ್ಲೇ ಇದೆ. ಅದರ ಗಾಂಭೀರ್ಯಕ್ಕೆ ಸರಿಸಾಟಿ ಇಲ್ಲ. ಆದರೆ ದಿನವಿಡೀ ನೀರಾಟವಾಡಬೇಕೆಂಬ ಮಕ್ಕಳನ್ನು ಅಲ್ಲಿಗೆ ಕರೆದೊಯ್ದವರು, ಊಟದ ಎಲೆ ಹಾಕಿ ಉಣಬೇಡವೆಂದು ಹೇಳಿದಂತಾಗುತ್ತದೆ.

ಮಿಷಿಗನ್ ಸರೋವರ ಅಷ್ಟು ನಿಷ್ಠುರವಾದದ್ದಲ್ಲ. ಅಲ್ಲಿ ಗಾಳಿ ಪ್ರಾಯಶಃ ಪಶ್ಚಿಮದಿಂದ ಬೀಸುವುದರಿಂದ, ಬಿಸಿಲು ಕಾಯಿಸಿದ ಮೇಲ್ನೀರು ಪೂರ್ವದಂಡೆಗೆ, ಎಂದರೆ ಮಿಷಿಗನ್ ರಾಜ್ಯದ ಕಡೆಗೆ, ಬಂದು ಸೇರುತ್ತದೆ. ಅದೇ ಗಾಳಿ ಸಹಸ್ರಾರು ವರ್ಷಗಳಿಂದ ಮರಳನ್ನು ಒಟ್ಟಿ ಎತ್ತರವಾದ ದಿಬ್ಬಗಳನ್ನು ಕಟ್ಟಿದೆ. ಎದುರುದಂಡೆಯಾದ ವಿಸ್ಕಾನ್ಸಿನ್ ಕಡೆಗೆ ಸೂರ್ಯೋದಯದ ಸೊಬಗುಂಟು, ಆದರೆ ನೀರು ಹೆಚ್ಚು ತಣ್ಣಗೆ. ಪೂರ್ವದಂಡೆಯವರೂ ನಿಶ್ಚಿಂತರಾಗಿರುವಂತಿಲ್ಲ: ಗಾಳಿ ಉತ್ತರಕ್ಕೋ ಪೂರ್ವಕ್ಕೋ ತಿರುಗಿದರೆ ಮೇಲಿನ ಬೆಚ್ಚನೆಯ ನೀರು ಒಳಸರೋವರಕ್ಕೆ ಸರಿದು, ಆಳದ ತಣ್ಣೀರು ಮೇಲಕ್ಕೆ ಉಕ್ಕಿ, ನಿನ್ನೆ ಮಕ್ಕಳು ನಲಿದಾಡಿದ ದಡದಲ್ಲಿ ಇಂದು ಪಾದವೂರಲಾಗದಂತಾಗುತ್ತದೆ. ದಡದಿಂದ ಒಳಕ್ಕೆ ಬೀಸುವ ಆ ಗಾಳಿಯೇ, ಗಾಳಿ ತುಂಬಿದ ಆಟದ ತೆಪ್ಪಗಳನ್ನು ಅರೆನಿಮಿಷದಲ್ಲಿ ಕೈಗೆಟುಕದಷ್ಟು ದೂರ ಒಯ್ಯುವುದು.

ಇದಕ್ಕಿಂತ ಅಪಾಯಕರವಾದದ್ದು ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗುವಾಗ ಉಂಟಾಗುವ ಸೆಳವು. ಬಂದರಿನ ಬಾಯಲ್ಲಿ ನೀರಿನೊಳಕ್ಕೆ ಚಾಚಿರುವ ಕಲ್ಲುಕಟ್ಟೆಗಳ ಮಗ್ಗುಲಲ್ಲಿ ಇದು ವಿಶೇಷವಾಗಿ ಪ್ರಬಲ. ಮಿಷಿಗನ್ನಿನ ರಾಜ್ಯೋದ್ಯಾನಗಳ ದಡಗಳಲ್ಲಿ ಜೀವರಕ್ಷಕರನ್ನು ನೇಮಿಸುವ ಪದ್ಧತಿ ಇಲ್ಲ, ಬದಲಾಗಿ ಬಾವುಟಗಳುಂಟು. ಹಸಿರು ಕಂಡರೆ ಸಾಧಾರಣ ಎಚ್ಚರ, ಹಳದಿ ಕಂಡರೆ ಹೆಚ್ಚಿನ ಎಚ್ಚರ, ಕೆಂಪು ಕಂಡರೆ ದಡದಲ್ಲಿಯೇ ವಾಸ, ಎರಡು ಕೆಂಪು ಬಾವುಟಗಳು ಒಟ್ಟಿಗೆ ಹಾರಿದರೆ ನೀರಿಗಿಳಿಯುವುದೇ ನಿಷಿದ್ಧ. ಸೆಳವಿಗೆ ಸಿಕ್ಕವನು ಅದರೊಡನೆ ಸೆಣಸಿ ದಣಿಯದೆ ಬೆನ್ನಮೇಲೆ ತೇಲಿಕೊಂಡು, ಅದು ಸೋತ ಮೇಲೆ ಓರೆಯಾಗಿ ದಡಕ್ಕೆ ಈಜಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮವರಲ್ಲಿ ಹಿರಿಯರಾದವರಿಗೆ ಈಜು ಬರುವುದು ವಿರಳ. ಆದುದರಿಂದ ಈ ಉಪದೇಶಕ್ಕಿಂತ ಲೈಫ್ ಜಾಕೆಟ್ಟೇ ಅವರಿಗೆ ಹೆಚ್ಚು ಹಿತಕರ.

ಚಿಕ್ಕ ನೀರಿನ ಗುಣದೋಷಗಳು

ಒಳನಾಡಿನ ಚಿಕ್ಕ ಸರೋವರಗಳು ಜೂನ್ ಮುಗಿಯುವ ಹೊತ್ತಿಗೆ ಬೆಚ್ಚಗಾಗುತ್ತವೆ. ಅಲೆ ಸಣ್ಣದು, ದಡ ಬಹಳ ಕಡೆ ಮೆಲ್ಲನೆ ಇಳಿಯುತ್ತದೆ, ಆಚೆಯ ದಂಡೆ ಕಣ್ಣಿಗೆ ಕಾಣುವುದರಿಂದಲೇ ಮನಸ್ಸಿಗೆ ಒಂದು ಧೈರ್ಯ. ಮಗುವಿನ ಮೊಣಕಾಲಿಗೆ ಇವು ಅನುಕೂಲ. ಆದರೆ ಬೆಚ್ಚನೆಯ ನಿಂತ ನೀರಿಗೆ ತನ್ನವೇ ಆದ ದೋಷಗಳುಂಟು. ಬಸವನಹುಳುಗಳಲ್ಲಿಯೂ ನೀರುಹಕ್ಕಿಗಳಲ್ಲಿಯೂ ಬಾಳುವ ಒಂದು ಸೂಕ್ಷ್ಮ ಪರೋಪಜೀವಿ, ದಾರಿತಪ್ಪಿ ಮನುಷ್ಯರ ಚರ್ಮವನ್ನು ಹೊಕ್ಕು ಸಾಯುವಾಗ ಉಂಟುಮಾಡುವ ದದ್ದಿಗೆ ‘ಈಜುಗಾರರ ತುರಿಕೆ’ ಎಂದು ಹೆಸರು. ಪ್ರಾಣಾಪಾಯವಿಲ್ಲದಿದ್ದರೂ ಮಕ್ಕಳ ನಿದ್ರೆಯನ್ನೂ ತಾಯಂದಿರ ಸಹನೆಯನ್ನೂ ಅದು ಕೆಡಿಸಬಲ್ಲದು. ಗಾಳಿ ದಡದ ಕಡೆಗೆ ಬೀಸುವಾಗ ದಡದಂಚಿನಲ್ಲಿ ಬಹಳ ಹೊತ್ತು ಕೂರಿಸದಿರುವುದು, ನೀರಿನಿಂದ ಎದ್ದೊಡನೆ ಮೈಯನ್ನು ಗಟ್ಟಿಯಾಗಿ ಒರಸುವುದು, ಇವೇ ಅದಕ್ಕೆ ಪ್ರತಿವಿಧಾನ.

ಎರಡನೆಯದು ನೀಲಹಸಿರು ಪಾಚಿ. ಇದು ಚಿಕ್ಕ ಸರೋವರಗಳಿಗೇ ಸೀಮಿತವಾದದ್ದಲ್ಲ. ಮಹಾಸರೋವರಗಳಲ್ಲಿ ಅತ್ಯಂತ ಆಳ ಕಡಿಮೆಯಿರುವ ಈರಿಯ ಪಶ್ಚಿಮಭಾಗ ಇದಕ್ಕೆ ಕುಖ್ಯಾತವಾಗಿದೆ. ಹೊಲಗಳಿಗೆ ಹಾಕಿದ ಗೊಬ್ಬರದ ರಂಜಕ ಮಾಮೀ ನದಿಯ ಮೂಲಕ ಸರೋವರವನ್ನು ಸೇರಿ, ಬೇಸಗೆಯ ಬಿಸಿಗೆ ಪಾಚಿ ಉಬ್ಬಿ, 2014ರ ಆಗಸ್ಟಿನಲ್ಲಿ ಟೊಲೀಡೊ ನಗರದ ಮತ್ತು ಅದರ ಸುತ್ತಮುತ್ತಲಿನ ಸುಮಾರು ನಾಲ್ಕೈದು ಲಕ್ಷ ಜನರಿಗೆ ನಲ್ಲಿಯ ನೀರು ಕುಡಿಯಬಾರದೆಂಬ ಆಜ್ಞೆಯಾಯಿತು. ಹಸಿರು ಬಣ್ಣ ಚೆಲ್ಲಿದಂತೆ ನೀರಿನ ಮೇಲೆ ಕೆನೆಗಟ್ಟಿದ್ದರೆ ಮಕ್ಕಳನ್ನಾಗಲಿ ನಾಯಿಯನ್ನಾಗಲಿ ಬಿಡಬಾರದು. ಅಂಥ ನೀರನ್ನು ಕುದಿಸಿದರೂ ವಿಷ ಹೋಗುವುದಿಲ್ಲ. ಮಳೆ ಹುಯ್ದ ಮರುದಿನ ಚರಂಡಿಯ ನೀರು ಸೇರಿ ದಡಗಳನ್ನು ಮುಚ್ಚುವುದೂ ಉಂಟು. ಹೊರಡುವ ಮುನ್ನ ಆರೋಗ್ಯ ಇಲಾಖೆಯ ಪ್ರಕಟಣೆಯನ್ನು ನೋಡುವುದಕ್ಕೆ ಹೆಚ್ಚು ಶ್ರಮವೇನೂ ಬೇಕಾಗಿಲ್ಲ.

ಎರಡು ನೀರುಗಳ ನಡುವೆ

ಹಾಗಾದರೆ ದೊಡ್ಡದನ್ನು ಆರಿಸಬೇಕೋ ಚಿಕ್ಕದನ್ನೋ ಎಂಬ ಪ್ರಶ್ನೆಗೆ, ಮಿಷಿಗನ್ನಿನ ಪಶ್ಚಿಮ ತೀರದ ಭೂರಚನೆಯೇ ಒಂದು ಸಮಾಧಾನವನ್ನು ಒದಗಿಸಿದೆ. ಮಹಾಸರೋವರದ ಅಲೆ ಮತ್ತು ಗಾಳಿ ಒಟ್ಟಿದ ಮರಳಿನ ದಂಡೆಗಳ ಹಿಂದೆ ಚಿಕ್ಕ ಸರೋವರಗಳು ಅಲ್ಲಲ್ಲಿ ಉಳಿದುಕೊಂಡಿವೆ. ಈ ಎರಡರ ನಡುವಣ ನೆಲದಲ್ಲಿ ಬಿಡಾರ ಹೂಡಿದವನಿಗೆ ಬೆಳಗ್ಗೆ ಚಿಕ್ಕ ನೀರಿನ ಸ್ನಾನ, ಸಂಜೆ ದೊಡ್ಡ ನೀರಿನ ದರ್ಶನ.

ಇದಕ್ಕೆ ಅತ್ಯುತ್ತಮ ನಿದರ್ಶನ 1936ರಲ್ಲಿ ಸ್ಥಾಪಿತವಾದ ಲುಡಿಂಗ್ಟನ್ ರಾಜ್ಯೋದ್ಯಾನ. ಪಶ್ಚಿಮಕ್ಕೆ ಮಿಷಿಗನ್ ಸರೋವರ, ಪೂರ್ವಕ್ಕೆ ಹ್ಯಾಮ್ಲಿನ್ ಸರೋವರ, ನಡುವೆ ಸುಮಾರು ಒಂದು ಮೈಲಿಯಷ್ಟು ಮಾತ್ರ ಹರಿದು ಇವೆರಡನ್ನೂ ಕೂಡಿಸುವ ಬಿಗ್ ಸೇಬಲ್ ನದಿ. ಹ್ಯಾಮ್ಲಿನ್ ಇಂದಿನ ರೂಪ ತಾಳಿದ್ದು ಮರದ ವ್ಯಾಪಾರದ ಕಾಲದಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿದ್ದರಿಂದ. ಏರಿ ಹಾಕಿ ನೀರು ನಿಲ್ಲಿಸಿದ ಕೆರೆಗಳ ನಾಡಿನಿಂದ ಬಂದ ಅಜ್ಜನಿಗೆ ಈ ವಿವರವನ್ನು ಹೇಳಿದರೆ, ಪರದೇಶದ ನೀರಿನೊಡನೆ ಆತನಿಗೆ ಥಟ್ಟನೆ ಒಂದು ಸಲಿಗೆ ಹುಟ್ಟುವುದರಲ್ಲಿ ಸಂದೇಹವಿಲ್ಲ. ಒಡ್ಡಿನ ಕೆಳಗಣ ನದಿಯಲ್ಲಿ ರಬ್ಬರಿನ ಟ್ಯೂಬಿನ ಮೇಲೆ ಕುಳಿತು ತೇಲಿಹೋಗುವುದು ಮಕ್ಕಳ ಪರಮಾನಂದ. ನಡೆಯಬಲ್ಲವರಿಗೆ ಎರಡು ಮೈಲಿಗೆ ಕೊಂಚ ಕಡಿಮೆ ದೂರದಲ್ಲಿ 1867ರ ಬಿಗ್ ಸೇಬಲ್ ಪಾಯಿಂಟ್ ದೀಪಸ್ತಂಭ. ನಡೆಯಲಾರದವರಿಗೆ ಕಾರಿನಲ್ಲಿಯೇ ಕುಳಿತು ಅಲೆಗಳನ್ನು ನೋಡಬಹುದಾದ ದಡದ ರಸ್ತೆ. ಹಿರಿಯರ ಮೊಣಕಾಲನ್ನು ಲೆಕ್ಕಕ್ಕೆ ತೆಗೆದುಕೊಂಡವರು ಈ ರಸ್ತೆಯ ಬೆಲೆಯನ್ನು ಬಲ್ಲರು.

ಇಂಥ ಜೋಡಿಗಳು ಇನ್ನೂ ಉಂಟು. 1970ರಲ್ಲಿ ರಾಷ್ಟ್ರೀಯ ತೀರಪ್ರದೇಶವಾದ ಸ್ಲೀಪಿಂಗ್ ಬೇರ್ ಡ್ಯೂನ್ಸ್‌ನಲ್ಲಿ, ಡಿ. ಎಚ್. ಡೇ ಎಂಬ ಹಳೆಯ ಬಿಡಾರಭೂಮಿ ಮಿಷಿಗನ್ ಸರೋವರದ ಅಂಚಿನ ಮರಗಳ ನೆರಳಿನಲ್ಲಿದೆ. ಕೆಲವೇ ಮೈಲಿಗಳ ದೂರದಲ್ಲಿ ಬಹು ಕಡಿಮೆ ಆಳದ, ಬೇಗ ಬೆಚ್ಚಗಾಗುವ ಲಿಟಲ್ ಗ್ಲೆನ್ ಸರೋವರ. ವಿಸ್ಕಾನ್ಸಿನ್ನಿನ ಕಾಳ್ಗಿಚ್ಚಿಗೆ ಅಂಜಿ ಈಜಿಬಂದ ತಾಯಿಕರಡಿಯೊಂದು ದಡ ಸೇರಿ, ಹಿಂದುಳಿದ ಎರಡು ಮರಿಗಳಿಗಾಗಿ ಕಾದು ಮಲಗಿ ದಿಬ್ಬವಾಯಿತೆಂದೂ, ಮುಳುಗಿದ ಮರಿಗಳು ಎದುರಿನ ಮ್ಯಾನಿಟೂ ದ್ವೀಪಗಳಾದವೆಂದೂ ಆನಿಶಿನಾಬೆ ಜನರ ಐತಿಹ್ಯ. ಡಿ. ಎಚ್. ಡೇಯಲ್ಲಿ ವಿದ್ಯುತ್ತಿಲ್ಲ, ಬಿಸಿನೀರಿನ ಸ್ನಾನಗೃಹವಿಲ್ಲ. ಡೇರೆಯವರಿಗೆ ಅದೇ ಭೂಷಣ. ಅವೆರಡೂ ಬೇಕೆನ್ನುವವರಿಗೆ ಅದೇ ಪ್ರದೇಶದ ದಕ್ಷಿಣಭಾಗದಲ್ಲಿ ಪ್ಲಾಟ್ ರಿವರ್ ಬಿಡಾರಭೂಮಿ ಉಂಟು. ಅಲ್ಲಿನ ತಿಳಿಯಾದ ತೆಳುನದಿ ಮಹಾಸರೋವರವನ್ನು ಸೇರುವಲ್ಲಿ ಮಕ್ಕಳಿಗೆ ಮೊಣಕಾಲುದ್ದದ ಆಟದ ಬಯಲು. ಟ್ರಾವರ್ಸ್ ನಗರದ ಬಳಿಯ ಇಂಟರ್‌ಲಾಕನ್ ಉದ್ಯಾನವೂ, 1917ರಲ್ಲಿ ರಾಜ್ಯವು ಕೊಂಡು ಉಳಿಸಿದ ಹಳೆಯ ಪೈನ್ ಮರಗಳ ಸಮೇತ, ಎರಡು ಚಿಕ್ಕ ಸರೋವರಗಳ ನಡುವೆ ಇದೆ.

ನೆಲದ ಪರೀಕ್ಷೆ

ಸರೋವರ ನಿಶ್ಚಯವಾದ ಮೇಲೆ ಮೈನೆಕೆಯ ಕುಣಿಕೆಗಳಲ್ಲಿ ಜಾಗವನ್ನು ಹುಡುಕುವ ಕಾರ್ಯ. ಎಲ್ಲರೂ ಮುಗಿಬೀಳುವುದು ನೀರಿಗೆ ಹೊಂದಿದ ಮೊದಲ ಸಾಲಿಗೆ. ಚಿಕ್ಕ ಮಕ್ಕಳುಳ್ಳವರು ಎರಡನೆಯ ಸಾಲನ್ನೋ ಮೂರನೆಯದನ್ನೋ ಹಿಡಿಯುವುದು ಲೇಸೆಂದು ನನ್ನ ಅಭಿಪ್ರಾಯ. ಮೊದಲ ಸಾಲಿನಲ್ಲಿ ಗಾಳಿಯ ಏಟು ನೇರ. ಒಲೆಯ ಉರಿ ನಿಲ್ಲದು, ಡೇರೆಯ ಬಟ್ಟೆ ರಾತ್ರಿಯೆಲ್ಲ ಪಟಪಟನೆ ಬಡಿಯುವುದು. ಅದಕ್ಕಿಂತ ಮುಖ್ಯವಾಗಿ, ಅನ್ನಕ್ಕಿಟ್ಟು ತಿರುಗುವಷ್ಟರಲ್ಲಿ ಮಗು ನೀರಿನ ಅಂಚಿನಲ್ಲಿರುವುದು. ಮರಳುದಿಬ್ಬದ ಅಥವಾ ಮರಗಳ ಮರೆಯಲ್ಲಿ, ದಡಕ್ಕೆ ಐದು ನಿಮಿಷದ ನಡಿಗೆಯಿರುವ ಜಾಗದಲ್ಲಿ, ತಾಯಿಯಾದವಳಿಗೂ ಒಂದು ಗಳಿಗೆ ರಜೆ ದೊರೆಯುತ್ತದೆ.

ಶೌಚಗೃಹ ತೀರ ಹತ್ತಿರವಿದ್ದರೆ ಬಾಗಿಲ ಸದ್ದು ಮತ್ತು ದೀಪ. ತೀರ ದೂರವಿದ್ದರೆ ಹಿರಿಯರಿಗೆ ನಡುರಾತ್ರಿಯ ಸಂಕಟ. ನಾಲ್ಕೈದು ಜಾಗಗಳ ಅಂತರ ಮಧ್ಯಮಮಾರ್ಗ. ನಕಾಶೆಯಲ್ಲಿ ‘ರಸ್ಟಿಕ್’ ಎಂದು ಬರೆದಿದ್ದರೆ ಅಲ್ಲಿ ಹರಿಯುವ ನೀರಿಲ್ಲದ ಗುಂಡಿಯ ಕಕ್ಕಸು, ಕೈಪಂಪು ಅಥವಾ ಒಂಟಿ ನಲ್ಲಿ ಎಂದು ತಿಳಿಯತಕ್ಕದ್ದು. ‘ಮಾಡರ್ನ್’ ಎಂದಿದ್ದರೆ ವಿದ್ಯುತ್ತು, ಬಿಸಿನೀರು ಎರಡೂ ಉಂಟು. ನೆಲದ ಮೇಲೆ ಮಲಗಿ ಏಳಲಾರದ ಅಜ್ಜಿಗಾಗಿ ಅನೇಕ ಉದ್ಯಾನಗಳಲ್ಲಿ ಮಂಚಗಳಿರುವ ಸಣ್ಣ ಮರದ ಕೋಣೆಗಳು ಬಾಡಿಗೆಗೆ ಸಿಕ್ಕುತ್ತವೆ; ಕೋಣೆಯ ಪಕ್ಕದ ಜಾಗದಲ್ಲಿ ಮಕ್ಕಳ ಡೇರೆ ಹಾಕಿದರೆ ಮೂರು ತಲೆಮಾರುಗಳೂ ಸುಖವಾಗಿ ನಿದ್ರಿಸಬಹುದು.

ಡೇರೆಯವರು ನೋಡಬೇಕಾದದ್ದು ನೀರು ನಿಲ್ಲದ ತುಸು ಎತ್ತರದ ನೆಲ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನಕ್ಕೆ ನೆರಳಾಗುವ ದಿಕ್ಕು, ಮತ್ತು ತಲೆಯ ಮೇಲೆ ಒಣಕೊಂಬೆಗಳಿಲ್ಲದ ಆಕಾಶ. ಮರಳಿನಲ್ಲಿ ಸಾಧಾರಣ ಗೂಟ ನಿಲ್ಲದು. ಉದ್ದನೆಯ ಅಗಲವಾದ ಗೂಟಗಳು ಬೇಕು. ಮಳೆ ಬಂತೆಂದು ಒಲೆಯನ್ನು ಡೇರೆಯೊಳಗೆ ಹೊತ್ತಿಸುವುದು ಸರ್ವಥಾ ಕೂಡದು: ಬೆಂಕಿಯ ಭಯ ಒಂದಾದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಸಂಭವಿಸುವ ಮರಣ ಮತ್ತೊಂದು.

ಆರ್‌ವಿಯವರ ಪರೀಕ್ಷೆ ಬೇರೆ. ವಾಹನದ ಉದ್ದ ಎಷ್ಟು, ಜಾಗದ ಉದ್ದ ಎಷ್ಟು, ಹಿಂದಕ್ಕೆ ಓಡಿಸಿ ನಿಲ್ಲಿಸಬೇಕೋ ನೇರವಾಗಿ ಹೊಕ್ಕು ಹೊರಡಬಹುದೋ ಎಂಬುದು ಮೊದಲನೆಯದು. ಬಾಡಿಗೆಯ ಬಂಡಿಯನ್ನು ಪ್ರಥಮಬಾರಿ ಓಡಿಸುವವನು ಎರಡನೆಯ ವಿಧದ ಜಾಗಕ್ಕೆ ಮಾತ್ರ ಕೈಹಾಕಬೇಕು. ವಿದ್ಯುತ್ತಿನ ಸೌಕರ್ಯ 30 ಆಂಪಿಯರಿನದಾದರೆ 120 ವೋಲ್ಟಿನ ಲೆಕ್ಕದಲ್ಲಿ ಒಟ್ಟು ಶಕ್ತಿ 3,600 ವಾಟ್. ಹವಾನಿಯಂತ್ರಕ ಓಡುತ್ತಿರುವಾಗ ಇಂಡಕ್ಷನ್ ಒಲೆಯ ಮೇಲೆ ಸಾರು ಕುದಿಸುತ್ತ ಪಕ್ಕದಲ್ಲಿ ರೈಸ್ ಕುಕ್ಕರನ್ನೂ ಹಚ್ಚಿದರೆ ಕತ್ತಲೆಯಾಗುವುದು ನಿಶ್ಚಯ. ರಾಜ್ಯೋದ್ಯಾನಗಳ ಬಹುಪಾಲು ಜಾಗಗಳಲ್ಲಿ ವಿದ್ಯುತ್ತಿದ್ದರೂ ಪ್ರತ್ಯೇಕ ನಲ್ಲಿ ಮತ್ತು ಮೋರಿಯ ಸಂಪರ್ಕ ಇರುವುದಿಲ್ಲ. ಸಿಹಿನೀರನ್ನು ತುಂಬಿಕೊಂಡೇ ಒಳಹೋಗಿ, ಕೊಳೆನೀರಿನ ತೊಟ್ಟಿಗಳನ್ನು ಹೊರಡುವಾಗ ಡಂಪ್ ಸ್ಟೇಷನ್ನಿನಲ್ಲಿ ಬರಿದುಮಾಡುವುದು ರೂಢಿ. ಭಾನುವಾರದ ಮಧ್ಯಾಹ್ನ ಅಲ್ಲಿ ಸಾಲು ಉದ್ದವಾಗಿರುವುದರಿಂದ, ಆಗುವುದಾದರೆ ಬೆಳಗ್ಗೆಯೇ ಹೊರಡುವುದು ಜಾಣತನ.

ಕಾಲ, ನಿಯಮ, ನೆರೆಹೊರೆ

ರಾಜ್ಯೋದ್ಯಾನಗಳ ಜಾಗಗಳನ್ನು ಆರು ತಿಂಗಳು ಮೊದಲೇ ಕಾಯ್ದಿರಿಸಲು ಅವಕಾಶವಿರುವುದರಿಂದ ಜುಲೈ ತಿಂಗಳ ಶನಿವಾರಗಳು ಜನವರಿಯಲ್ಲೇ, ಹಿಮ ಬೀಳುತ್ತಿರುವಾಗಲೇ, ಮುಗಿದುಹೋಗುತ್ತವೆ. ವಾರದ ನಡುವಣ ದಿನಗಳಿಗೆ ಅಷ್ಟು ಪೈಪೋಟಿಯಿಲ್ಲ. ಜೂನ್ ತಿಂಗಳು ಉತ್ತರಭಾಗದಲ್ಲಿ ಸೊಳ್ಳೆ ಮತ್ತು ಕಪ್ಪುನೊಣಗಳ ಸಾಮ್ರಾಜ್ಯ. ಹುಲ್ಲು ಪೊದೆಗಳಲ್ಲಿ ಲೈಮ್ ರೋಗವನ್ನು ಹರಡುವ ಉಣ್ಣೆಗಳಿರುವುದರಿಂದ ಸಂಜೆ ಮಕ್ಕಳ ಮೈಯನ್ನು ಪರೀಕ್ಷಿಸಬೇಕು. ಮಹಾಸರೋವರದ ನೀರು ತಡವಾಗಿ ಕಾಯ್ದು ತಡವಾಗಿ ಆರುವುದರಿಂದ ಆಗಸ್ಟಿನ ಉತ್ತರಾರ್ಧ ಪ್ರಶಸ್ತ. ಶಾಲೆಗೆ ಹೋಗುವ ಮಕ್ಕಳಿಲ್ಲದವರಿಗೆ ಲೇಬರ್ ಡೇ ಕಳೆದ ಸೆಪ್ಟೆಂಬರ್ ಇನ್ನೂ ಮೇಲು.

ಒಂದು ವಿಚಿತ್ರವನ್ನು ಗಮನಿಸಬೇಕು. ಮಿಷಿಗನ್ ತನ್ನ ಕಾಲವಲಯದ ಪಶ್ಚಿಮದ ತುದಿಯಲ್ಲಿರುವುದರಿಂದ ಜೂನ್ ಕೊನೆಯಲ್ಲಿ ಲುಡಿಂಗ್ಟನ್ನಿನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಸುಮಾರಿಗೆ. ಉದ್ಯಾನದ ನಿಯಮದ ಪ್ರಕಾರ ನಿಶ್ಶಬ್ದದ ಅವಧಿ ಆರಂಭವಾಗುವುದು ಹತ್ತಕ್ಕೆ. ಸೂರ್ಯ ಮುಳುಗಿದ ಮೇಲೆ ಬೆಂಕಿಯ ಸುತ್ತ ಕುಳಿತು ಅಂತ್ಯಾಕ್ಷರಿ ಆಡೋಣವೆಂದು ಎಣಿಸಿದವರಿಗೆ ಉಳಿಯುವುದು ಅರ್ಧ ಗಂಟೆ. ನಾಲ್ಕೈದು ಕುಟುಂಬಗಳು ಒಟ್ಟುಗೂಡಿ ಹೋಗುವುದು ನಮ್ಮವರ ಪದ್ಧತಿಯಾದುದರಿಂದ, ಒಂದೇ ಜಾಗದಲ್ಲಿ ಕಿಕ್ಕಿರಿದು ನಿಯಮವನ್ನು ಮೀರುವುದಕ್ಕಿಂತ ಗುಂಪುಗಳಿಗೆಂದೇ ಮೀಸಲಾದ ಜಾಗವನ್ನು ಕಾಯ್ದಿರಿಸುವುದು ಮರ್ಯಾದೆ.

ಸೌದೆಯನ್ನು ಮನೆಯಿಂದ ಒಯ್ಯಬಾರದು. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ ಏಷ್ಯಾಮೂಲದ ಒಂದು ಹಸಿರು ಜೀರುಂಡೆ, ಎಮರಾಲ್ಡ್ ಆ್ಯಷ್ ಬೋರರ್, ಬಹುಮಟ್ಟಿಗೆ ಇಂಥ ಸೌದೆಯ ಹೊರೆಗಳಲ್ಲಿಯೇ ಪಯಣಿಸಿ ಕೋಟಿಗಟ್ಟಲೆ ಆ್ಯಷ್ ಮರಗಳನ್ನು ಕೊಂದಿದೆ. ಸೌದೆಯನ್ನು ಅಲ್ಲಿಯೇ ಕೊಂಡು ಅಲ್ಲಿಯೇ ಉರಿಸತಕ್ಕದ್ದು. ಉತ್ತರದ ಕಾಡುಗಳಲ್ಲಿ ಕಪ್ಪು ಕರಡಿಗಳುಂಟು. ಇಂಗಿನ ಒಗ್ಗರಣೆಯ ಪರಿಮಳ ನಮ್ಮ ನೆರೆಯವರಿಗಿಂತ ಮುಂಚೆ ಅವಕ್ಕೆ ಮುಟ್ಟೀತು. ಉಳಿದ ಅಡುಗೆಯನ್ನು ಡೇರೆಯಲ್ಲಿಡದೆ ಕಾರಿನಲ್ಲಿ ಭದ್ರಪಡಿಸಬೇಕು. ಪಾತ್ರೆಯನ್ನು ಸರೋವರದಲ್ಲಾಗಲಿ ಕುಡಿಯುವ ನೀರಿನ ನಲ್ಲಿಯ ಕೆಳಗಾಗಲಿ ತೊಳೆಯುವುದು ನಿಷಿದ್ಧ. ಸಾಬೂನು ಎಷ್ಟೇ ಸೌಮ್ಯವೆಂದು ಬರೆದುಕೊಂಡಿರಲಿ, ದಡದಿಂದ ಇನ್ನೂರು ಅಡಿ ದೂರದಲ್ಲಿ ಬಳಸಬೇಕೆಂಬುದು ಅಲ್ಲಿನ ಸದಾಚಾರ.

ಇಷ್ಟನ್ನೆಲ್ಲ ತೂಗಿ ನೋಡಿದರೆ ತೀರ್ಪು ಕಠಿಣವಾದದ್ದಲ್ಲ. ಏಕಾಂತವನ್ನೂ ಗಾಂಭೀರ್ಯವನ್ನೂ ಬಯಸುವ ಗಟ್ಟಿಕಾಲಿನವರಿಗೆ ಸುಪೀರಿಯರ್ ದಡವಿದೆ, ಅವರು ಅಲ್ಲಿಗೆ ಹೋಗಲಿ. ಮಗುವನ್ನೂ ಮುದುಕರನ್ನೂ ಕಟ್ಟಿಕೊಂಡು ಹೊರಡುವ ಸಂಸಾರಸ್ಥರು, ಡೇರೆಯವರಾಗಲಿ ಆರ್‌ವಿಯವರಾಗಲಿ, ಎರಡು ನೀರುಗಳ ನಡುವಣ ನೆಲದಲ್ಲಿ, ದಿಬ್ಬದ ಮರೆಯ ಎರಡನೆಯ ಸಾಲಿನಲ್ಲಿ ಜಾಗವನ್ನು ಹಿಡಿಯಲಿ. ಮುಂದಿನ ಬೇಸಗೆಗೆ ಊರಿನಿಂದ ತಂದೆತಾಯಿಯರನ್ನು ಕರೆಸಿಕೊಳ್ಳುವ ಯೋಚನೆಯಿರುವ ವಾಚಕರು, ಅವರ ವಿಮಾನದ ಟಿಕೆಟ್ಟು ಕೊಂಡ ದಿನವೇ ಬಿಡಾರದ ಜಾಗವನ್ನೂ ಕಾಯ್ದಿರಿಸತಕ್ಕದ್ದು. ಕಾಯ್ದಿರಿಸುವ ಮುನ್ನ ಅವರ ಮೊಣಕಾಲಿನ ಸಮಾಚಾರವನ್ನು ಒಮ್ಮೆ ಫೋನಿನಲ್ಲಿ ವಿಚಾರಿಸತಕ್ಕದ್ದು.